ನಕಾಶೆಯೂ ನಡಿಗೆಯೂ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಭೂಗೋಳದ ಪಾಠವೆಂದೊಡನೆ ಗೋಡೆಗೆ ತೂಗುಹಾಕಿದ ಬಟ್ಟೆಯ ನಕಾಶೆಯೂ, ಉಪಾಧ್ಯಾಯಿನಿಯರ ಕೈಯಲ್ಲಿದ್ದ ಉದ್ದನೆಯ ಬಿದಿರಿನ ಕೋಲೂ ನೆನಪಿಗೆ ಬರಬಹುದು. ಆ ನಕಾಶೆಯಲ್ಲಿ ಬೆಟ್ಟಗಳು ಕಂದು ಬಣ್ಣದವಾಗಿದ್ದುವು; ಬಯಲುಗಳು ಹಸುರಾಗಿದ್ದುವು. ಆ ಹಸುರು ಕಾಡನ್ನೋ ಪೈರನ್ನೋ ತೋರಿಸುವುದೆಂದು ನಮ್ಮಲ್ಲಿ ಎಷ್ಟೋ ಮಂದಿ ನಂಬಿಕೊಂಡಿದ್ದೆವು. ಅದು ನೆಲದ ತಗ್ಗನ್ನು ಮಾತ್ರ ಸೂಚಿಸುವ ಬಣ್ಣವೆಂಬುದು, ಪರೀಕ್ಷೆಯಲ್ಲಿ ತಪ್ಪು ಬರೆದು ಅಂಕ ಕಳೆದುಕೊಂಡ ಮೇಲೆಯೇ ನಮಗೆ ತಿಳಿದು ಬಂದಿತು.

ಈಗ ಆ ಬಟ್ಟೆಯ ನಕಾಶೆಯ ಸ್ಥಾನಕ್ಕೆ ಕಂಪ್ಯೂಟರಿನ ತೆರೆ ಬಂದಿರುವುದು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ತೆಗೆದ ಚಿತ್ರಗಳನ್ನು ಅದರ ಮೇಲೆ ಹರಡಿ, ಇಂಥ ಕಾಡು ಎಷ್ಟು ಬೆಳೆದಿದೆ, ಇಂಥ ಕೆರೆ ಎಷ್ಟು ಕುಗ್ಗಿದೆ ಎಂದು ಲೆಕ್ಕ ಹೇಳುವ ವಿದ್ಯೆಯನ್ನು ಹೈಸ್ಕೂಲಿನ ಮಕ್ಕಳೂ ಕಲಿಯಬಹುದಾದ ಕಾಲದಲ್ಲಿ ನಾವಿದ್ದೇವೆ. ಸಾಧನವೇನೋ ಬದಲಾಗಿದೆ, ಬಣ್ಣವನ್ನು ತಪ್ಪಾಗಿ ಓದುವ ನಮ್ಮ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಅಂದು ಆ ತಪ್ಪಿನಿಂದ ಒಂದೆರಡು ಅಂಕಗಳು ಹೋಗುತ್ತಿದ್ದುವು. ಇಂದು ಒಂದು ಕೆರೆಯೇ ಹೋಗಬಹುದು, ಒಂದು ಕಾವಲೇ ಹೋಗಬಹುದು. ಆದುದರಿಂದ ಈ ವಿಷಯವನ್ನು ಕುರಿತು ನಮ್ಮ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯ ಮೂಲಕ ತಂದೆತಾಯಿಗಳ ಮತ್ತು ಹಳೆಯ ವಿದ್ಯಾರ್ಥಿನಿಯರ ಮುಂದಿಡಲು ಅಪೇಕ್ಷಿಸುತ್ತೇವೆ.

ಇದನ್ನು ಬರೆಯುವುದಕ್ಕೆ ಒಂದು ಸಮೀಪದ ಕಾರಣವೂ ಉಂಟು. ನಮ್ಮ ಒಂಭತ್ತನೆಯ ತರಗತಿಯ ಕೆಲವು ಹುಡುಗಿಯರು ಊರಿನ ಕೆರೆಯ ಸ್ಥಿತಿಯನ್ನು ಇಂಥ ನಕಾಶೆಯಿಂದ ಪರೀಕ್ಷಿಸುವ ಕೆಲಸವನ್ನು ಕೈಕೊಂಡರು. ಕೆಲಸವು ಅರ್ಧಕ್ಕೆ ಬಂದಾಗ ಇಬ್ಬರು ಪೋಷಕರಿಂದ ಕಾಗದಗಳು ಬಂದುವು. ಹೆಣ್ಣುಮಕ್ಕಳು ಕಂಪ್ಯೂಟರಿನ ಕೋಣೆಯಲ್ಲಿ ಕುಳಿತು ನಕಾಶೆ ಬರೆಯುವುದಕ್ಕೆ ತಮ್ಮ ಆಕ್ಷೇಪಣೆಯಿಲ್ಲವೆಂದೂ, ಆದರೆ ಕೆರೆಯ ಏರಿಯ ಮೇಲೆ ಬಿಸಿಲಿನಲ್ಲಿ ಅಲೆಯುವುದು ಅನವಶ್ಯವೆಂದೂ, ಉಪಗ್ರಹವು ಎಲ್ಲವನ್ನೂ ತೋರಿಸುವಾಗ ಕಾಲಿಗೆ ಕೆಸರು ಹತ್ತಿಸಿಕೊಳ್ಳುವುದೇಕೆಂದೂ ಅವರು ಬರೆದಿದ್ದರು. ಕಾಗದಗಳು ಮರ್ಯಾದೆಯಿಂದಲೂ ಮಕ್ಕಳ ಮೇಲಿನ ಪ್ರೀತಿಯಿಂದಲೂ ಬರೆಯಲ್ಪಟ್ಟವು. ಆದುದರಿಂದ ಮರ್ಯಾದೆಯ ಉತ್ತರಕ್ಕೆ ಅರ್ಹವಾದವು. ಈ ಲೇಖನವೇ ಆ ಉತ್ತರವೆಂದು ಭಾವಿಸಬೇಕು.

ಮೊದಲು ಈ ಸಾಧನದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಒಂದೇ ಊರಿನ ಹಲವು ನಕಾಶೆಗಳನ್ನು ಎಣ್ಣೆಕಾಗದದ ಮೇಲೆ ಬರೆದು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ, ಕೆಳಗಿನದೂ ಮೇಲಿನದೂ ಕೂಡಿ ಕಾಣುವುವು. ಒಂದರಲ್ಲಿ ಹಳ್ಳಗಳು, ಒಂದರಲ್ಲಿ ರಸ್ತೆಗಳು, ಒಂದರಲ್ಲಿ ಹೊಲಗಳು, ಒಂದರಲ್ಲಿ ಮನೆಗಳು. ಕಂಪ್ಯೂಟರಿನ ನಕಾಶೆ ತಂತ್ರಾಂಶವು ಮಾಡುವುದೂ ಇದನ್ನೇ. ಕಾಗದವು ಮಾಡಲಾರದ ಲೆಕ್ಕವನ್ನೂ ಅದು ಒಡನೆಯೇ ಮಾಡಿಕೊಡುವುದು. ಕೆನಡಾ ದೇಶದಲ್ಲಿ 1960ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ಎಂಬವರು ಆ ದೇಶದ ಭೂಮಿಯ ಗುಣಗಳನ್ನು ಲೆಕ್ಕಹಾಕುವುದಕ್ಕಾಗಿ ಇಂಥ ಏರ್ಪಾಡನ್ನು ಮೊದಲು ಕಟ್ಟಿದರು. 1972ರಲ್ಲಿ ಅಮೆರಿಕ ದೇಶದವರು ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹಮಾಲೆಯ ಮೊದಲನೆಯದನ್ನು ಹಾರಿಸಿದರು. 1988ರಲ್ಲಿ ನಮ್ಮ ದೇಶದ ಐ.ಆರ್.ಎಸ್. ಉಪಗ್ರಹಗಳಲ್ಲಿ ಮೊದಲನೆಯದು ಮೇಲೇರಿತು. 2008ರಿಂದ ಲ್ಯಾಂಡ್‌ಸ್ಯಾಟ್ ಚಿತ್ರಗಳೆಲ್ಲವೂ ಕಾಸಿಲ್ಲದೆ ಯಾರಿಗಾದರೂ ದೊರೆಯುವಂತಾಯಿತು. 2015ರಿಂದ ಯೂರೋಪಿನ ಸೆಂಟಿನೆಲ್-2 ಎಂಬ ಉಪಗ್ರಹದ ಚಿತ್ರಗಳೂ ಹಾಗೆಯೇ ಸಿಕ್ಕುತ್ತಿವೆ. ಅವುಗಳಲ್ಲಿ 10 ಮೀಟರು ಉದ್ದ 10 ಮೀಟರು ಅಗಲದ ನೆಲವು ಒಂದು ಚುಕ್ಕೆಯಾಗಿ ಕಾಣುವುದು. ಇವನ್ನು ತೆರೆದು ನೋಡುವುದಕ್ಕೆ ಬೇಕಾದ ತಂತ್ರಾಂಶಗಳಲ್ಲಿ 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬುದು ಧರ್ಮಾರ್ಥವಾಗಿ ದೊರೆಯುವಂಥಾದ್ದು. ಬಡ ಪಾಠಶಾಲೆಗೂ ಇದು ನಿಲುಕುವುದೆಂಬುದೇ ನಮಗೆ ಸಂತೋಷದ ಸಂಗತಿ.

ಹಸುರನ್ನು ಅಳೆಯುವ ರೀತಿಯು ಬಹು ಚಮತ್ಕಾರವಾದದ್ದು. ಆರೋಗ್ಯವುಳ್ಳ ಎಲೆಯು ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ನುಂಗಿಕೊಂಡು, ನಮ್ಮ ಕಣ್ಣಿಗೆ ಕಾಣದ ಕೆಂಪಿನಾಚೆಯ ಕಿರಣವನ್ನು ಹೇರಳವಾಗಿ ಹಿಂದಕ್ಕೆಸೆಯುವುದು. ಉಪಗ್ರಹವು ಎರಡನ್ನೂ ಬೇರೆ ಬೇರೆಯಾಗಿ ಅಳೆಯುವುದು. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ, ಋಣ ಒಂದರಿಂದ ಧನ ಒಂದರವರೆಗಿನ ಒಂದು ಸಂಖ್ಯೆ ಬರುವುದು. ದಟ್ಟವಾದ ಗಿಡಮರಗಳಿರುವಲ್ಲಿ ಸಂಖ್ಯೆ ಒಂದರ ಕಡೆಗೇರುವುದು. ಬರಿಯ ನೆಲದಲ್ಲಿ ಸೊನ್ನೆಯ ಸಮೀಪಕ್ಕಿಳಿಯುವುದು. ತಿಳಿನೀರಿನಲ್ಲಿ ಸೊನ್ನೆಗಿಂತ ಕೆಳಗೆ ಹೋಗುವುದು. ಭಾಗಾಕಾರ ಬಲ್ಲ ಯಾವ ಹುಡುಗಿಯೂ ಇದನ್ನು ಗ್ರಹಿಸಬಲ್ಲಳು.

ನಮ್ಮ ಹುಡುಗಿಯರು ಊರ ಕೆರೆಯ ಚಿತ್ರಗಳನ್ನು ವರ್ಷ ವರ್ಷಕ್ಕೆ ಜೋಡಿಸಿ ಈ ಲೆಕ್ಕವನ್ನು ಮಾಡಿದರು. ಕೆರೆಯ ಪೂರ್ವಭಾಗದಲ್ಲಿ ಹಸುರು ವರ್ಷೇ ವರ್ಷೇ ಹೆಚ್ಚುತ್ತ ಬಂದಿರುವುದು ಕಂಡಿತು. ಮಕ್ಕಳಿಗೆ ಆನಂದವಾಯಿತು. ಒಬ್ಬಳು ತನ್ನ ವರದಿಯಲ್ಲಿ, ಕೆರೆಯ ದಂಡೆಯಲ್ಲಿ ವನಸ್ಪತಿಗಳು ವೃದ್ಧಿಯಾಗಿರುವುದರಿಂದ ಕೆರೆಯ ಆರೋಗ್ಯವು ಉತ್ತಮಗೊಂಡಿದೆಯೆಂದು ಅಂದವಾದ ಅಕ್ಷರಗಳಲ್ಲಿ ಬರೆದಳು. ನಾವೂ ಅದನ್ನು ಓದಿ, ಭಾಷೆಯ ತಪ್ಪೊಂದನ್ನು ತಿದ್ದಿ, ವಿಷಯದ ತಪ್ಪನ್ನು ಕಾಣದೆ ರುಜು ಹಾಕಿದೆವು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಮಾರನೆಯ ಶನಿವಾರ ಆ ಮಕ್ಕಳನ್ನು ಕರೆದುಕೊಂಡು ಏರಿಯ ಮೇಲೆ ನಡೆದೆವು. ಪೂರ್ವಭಾಗಕ್ಕೆ ಬಂದಾಗ ಹಸುರೆಲ್ಲವೂ ಏನೆಂಬುದು ಗೊತ್ತಾಯಿತು. ನಮ್ಮ ಕಡೆಯ ಜನರು ಅಂತರಗಂಗೆಯೆಂದು ಕರೆಯುವ, ದಕ್ಷಿಣ ಅಮೆರಿಕದಿಂದ ಬಂದು ನಮ್ಮ ನೀರುಗಳನ್ನೆಲ್ಲ ಆಕ್ರಮಿಸಿರುವ, ನೇರಳೆ ಹೂವಿನ ಕಳೆಯು ನೀರು ಕಾಣದಂತೆ ಹಬ್ಬಿಕೊಂಡಿತ್ತು. ಊರಿನ ಹೊಲಸು ನೀರು ಬಂದು ಸೇರುವ ಕಾಲುವೆಯ ಬಾಯಿಯಲ್ಲಿಯೇ ಅದು ಅತ್ಯಂತ ದಟ್ಟವಾಗಿತ್ತು. ಯಾಕೆಂದರೆ ಆ ಕಳೆಗೆ ಬೇಕಾದ ಗೊಬ್ಬರವೆಲ್ಲ ಹೊಲಸಿನಲ್ಲಿಯೇ ಇರುವುದು. ಅದರ ಕೆಳಗೆ ಬೆಳಕು ಇಳಿಯದೆ, ನೀರಿನೊಳಗಿನ ಪ್ರಾಣವಾಯು ಕುಗ್ಗಿ, ಮೀನುಗಳು ಬಾಳಲಾರವು. ಏರಿಯ ಮೇಲೆ ದನ ಮೇಯಿಸುತ್ತಿದ್ದ ಮುದುಕರೊಬ್ಬರು, ತಮ್ಮ ತಂದೆ ಈ ಕೆರೆಯ ನೀರುಗಂಟಿಗಳಾಗಿದ್ದರೆಂದು ಹೇಳಿ, ತೂಬಿನ ಕಲ್ಲುಗಳನ್ನು ತೋರಿಸಿ, “ತಾಯೀ, ಇದು ಕೆರೆಗೆ ಹತ್ತಿದ ರೋಗ, ನೀವು ಇದನ್ನು ಬೆಳೆ ಅಂತ ಬರೆದುಕೊಂಡಿರಾ?” ಎಂದು ನಕ್ಕರು. ಆ ಹುಡುಗಿಯು ತನ್ನ ವರದಿಯನ್ನು ಚೀಲದಿಂದ ತೆಗೆದು, ಅಲ್ಲಿಯೇ ಕಲ್ಲಿನ ಮೇಲೆ ಕುಳಿತು ಆ ವಾಕ್ಯವನ್ನು ಹೊಡೆದುಹಾಕಿದಳು. ಕಂಪ್ಯೂಟರಿನ ಕೋಣೆಯಲ್ಲಿ ಮೂರು ವಾರಗಳಲ್ಲಿ ಕಲಿಯದ ಪಾಠವನ್ನು ಆ ಮಗುವೂ ನಾವೂ ಮೂರು ತಾಸುಗಳಲ್ಲಿ ಕಲಿತೆವು.

ಈ ಪಾಠವು ನಮ್ಮ ಊರಿನ ಕೆರೆಗೆ ಮಾತ್ರ ಸೇರಿದುದಲ್ಲ. ಒಂದು ಕಾಡಾಗಲಿ ಕೆರೆಯಾಗಲಿ ಹುಲ್ಲುಗಾವಲಾಗಲಿ ಎಷ್ಟು ವಿಸ್ತಾರವಾಗಿದೆಯೆಂಬುದು ಒಂದು ಪ್ರಶ್ನೆ. ಯಾವ ಸ್ಥಿತಿಯಲ್ಲಿದೆಯೆಂಬುದು ಬೇರೊಂದು ಪ್ರಶ್ನೆ. ಸಂಯುಕ್ತ ರಾಷ್ಟ್ರಗಳ ಸಂಖ್ಯಾಶಾಸ್ತ್ರ ಆಯೋಗವು 2021ರಲ್ಲಿ ಅಂಗೀಕರಿಸಿದ ಪ್ರಕೃತಿಯ ಲೆಕ್ಕಪತ್ರದ ಕ್ರಮದಲ್ಲಿ ವಿಸ್ತಾರಕ್ಕೆ ಒಂದು ಲೆಕ್ಕವನ್ನೂ ಸ್ಥಿತಿಗೆ ಬೇರೊಂದು ಲೆಕ್ಕವನ್ನೂ ಇಡಬೇಕೆಂದು ವಿಧಿಸಲ್ಪಟ್ಟಿದೆ. ಮನೆವಾರ್ತೆ ನೋಡುವ ಸ್ತ್ರೀಯರಿಗೆ ಈ ಭೇದವನ್ನು ವಿವರಿಸಬೇಕಾದುದಿಲ್ಲ. ಕಣಜದಲ್ಲಿ ಎಷ್ಟು ಪಲ್ಲ ರಾಗಿ ಇದೆಯೆಂಬುದು ಒಂದು ಮಾತು. ಅದರಲ್ಲಿ ಹುಳ ಹಿಡಿದುದೆಷ್ಟೆಂಬುದು ಇನ್ನೊಂದು ಮಾತು. ಅಳತೆಗೋಲು ಮೊದಲನೆಯದನ್ನು ಹೇಳೀತು. ಎರಡನೆಯದಕ್ಕೆ ಕೈ ಹಾಕಿ ನೋಡಬೇಕು.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೋಡಿರಿ. ಅದು ಆ ನಗರದ ಕೆರೆಗಳಲ್ಲೆಲ್ಲ ದೊಡ್ಡದು. ವಿಸ್ತಾರದ ನಕಾಶೆಯಲ್ಲಿ ಅದು ಕೆರೆಯೇ ಆಗಿತ್ತು. ಆದರೆ 2015ರಲ್ಲಿಯೂ 2017ರಲ್ಲಿಯೂ 2018ರಲ್ಲಿಯೂ ಆ ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಸಾಬೂನಿನ ನೊರೆಯಂಥ ನೊರೆಯು ಎದ್ದು ರಸ್ತೆಗೆ ಹಾರಿತು. ನೀರು ಉರಿಯುವುದನ್ನು ಕಂಡ ಜನರಿಗೆ, ನಕಾಶೆಯ ಮೇಲೆ ಎಷ್ಟು ಎಕರೆ ನೀರಿದೆಯೆಂಬ ಲೆಕ್ಕದಿಂದ ಯಾವ ಸಮಾಧಾನ ದೊರಕೀತು?

ಕಾಡಿನ ವಿಷಯವೂ ಹೀಗೆಯೇ. ಭಾರತದ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು 1987ರಿಂದ ಎರಡೆರಡು ವರ್ಷಗಳಿಗೊಮ್ಮೆ ದೇಶದ ಅರಣ್ಯಸ್ಥಿತಿಯ ವರದಿಯನ್ನು ಪ್ರಕಟಿಸುತ್ತ ಬಂದಿದ್ದಾರೆ. ಅದು ಬಹು ಶ್ರಮದ, ಬಹು ಪ್ರಯೋಜನದ ಕಾರ್ಯ. ಆದರೆ ಅದರಲ್ಲಿ ಅರಣ್ಯದ ಹೊದಿಕೆಯೆಂದರೆ ಏನೆಂಬುದನ್ನು ತಿಳಿದು ಓದಬೇಕು. ಒಂದು ಹೆಕ್ಟೇರಿಗೆ ಕಡಮೆಯಿಲ್ಲದ ನೆಲದಲ್ಲಿ 100ಕ್ಕೆ 10 ಪಾಲಾದರೂ ಮರಗಳ ನೆರಳಿನ ಹೊದಿಕೆಯಿದ್ದರೆ, ಆ ನೆಲ ಯಾರದ್ದಾಗಲಿ, ಮರ ಯಾವ ಜಾತಿಯದಾಗಲಿ, ಅದು ಆ ಲೆಕ್ಕಕ್ಕೆ ಸೇರುವುದು. ಕೊಡಗಿನ ಕಾಫಿ ತೋಟವೂ, ಕರಾವಳಿಯ ಅಕೇಶಿಯದ ನೆಡುತೋಪೂ, ಸಾವಿರ ವರ್ಷಗಳ ಶೋಲೆ ಕಾಡೂ ಒಂದೇ ಹಸುರಿನೊಳಗೆ ಬರಬಹುದು. ಇದು ವರದಿಯ ಕಪಟವಲ್ಲ. ಅವರು ತಮ್ಮ ಅರ್ಥವನ್ನು ಸ್ಪಷ್ಟವಾಗಿಯೇ ಅಚ್ಚು ಹಾಕಿಸಿದ್ದಾರೆ. ಅದನ್ನು ಓದದೆ, ಕಾಡು ಹೆಚ್ಚಿತೆಂದು ಹಿಗ್ಗುವ ನಮ್ಮದೇ ತಪ್ಪು. ಬಂಡೀಪುರದಂಥ ಕಾಡುಗಳಲ್ಲಿ ಮರಗಳ ಕೆಳಗೆ ಲಂಟಾನದ ಪೊದೆ ಹಬ್ಬಿ ಹುಲ್ಲನ್ನು ನುಂಗಿಹಾಕಿರುವುದು. ಮೇಲಿನಿಂದ ನೋಡುವ ಕಣ್ಣಿಗೆ ಅದೂ ಹಸುರು. ಹುಲ್ಲು ತಿನ್ನುವ ಜಿಂಕೆಗೆ ಅದು ಬರಗಾಲ.

ಹಸುರನ್ನು ಆರೋಗ್ಯವೆಂದು ಓದಿದ ತಪ್ಪಿಗಿಂತ, ಹಸುರಿಲ್ಲದುದನ್ನು ನಿಷ್ಪ್ರಯೋಜಕವೆಂದು ಓದಿದ ತಪ್ಪು ನಮ್ಮ ಬಯಲುಸೀಮೆಗೆ ಹೆಚ್ಚು ಹಾನಿ ಮಾಡಿರುವುದೆಂದು ನಾವು ಎಣಿಸುತ್ತೇವೆ. ಚಿತ್ರದುರ್ಗ, ತುಮಕೂರು, ಹಾಸನ ಸೀಮೆಗಳ ಅಮೃತ ಮಹಲ್ ಕಾವಲುಗಳನ್ನು ನಮ್ಮ ವಾಚಕರು ಬಲ್ಲರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಆ ದನಗಳ ಇಲಾಖೆಗೆ ಮೀಸಲಾಗಿದ್ದ ಹುಲ್ಲುಗಾವಲುಗಳು ಅವು. ಮಳೆಗಾಲ ಕಳೆದ ಮೇಲೆ ಅಲ್ಲಿ ಮೊಣಕಾಲುದ್ದದ ಹುಲ್ಲು ತೂಗಾಡುವುದು. ಮಾಘ ಫಾಲ್ಗುಣಗಳಲ್ಲಿ ಅದೇ ನೆಲ ಒಣಗಿ ಕಂದಾಗುವುದು. ಒಣಗುವುದೇ ಅದರ ಧರ್ಮ. ಬೇರು ನೆಲದೊಳಗೆ ಜೀವವಾಗಿದ್ದು ಮುಂದಿನ ಮಳೆಯನ್ನು ಕಾಯುತ್ತಿರುವುದು. ಅಲ್ಲಿ ಕೃಷ್ಣಮೃಗವೂ ತೋಳವೂ ಬಾಳುವುವು. ಸುತ್ತಲಿನ ಹಳ್ಳಿಗಳ ಕುರಿಗಳು ಮೇಯುವುವು. ಆ ಕುರಿಗಳ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿಗಳಾಗುವುವು. ಆದರೆ ಬೇಸಗೆಯಲ್ಲಿ ತೆಗೆದ ಒಂದು ಚಿತ್ರವನ್ನು ಮಾತ್ರ ನೋಡಿ ಹಸುರಿನ ಸಂಖ್ಯೆಯನ್ನು ತೆಗೆಯುವವನಿಗೆ ಅದು ಸತ್ತ ನೆಲವಾಗಿ ಕಾಣುವುದು.

ದೇಶದ ಬಂಜರು ಭೂಮಿಗಳ ಭೂಪಟಸಂಪುಟವೊಂದು 2000ದಲ್ಲಿ ಮೊದಲ ಸಲ ಪ್ರಕಟವಾಯಿತು. ಅನಂತರ ಹಲವು ಸಲ ಪರಿಷ್ಕರಿಸಲ್ಪಟ್ಟಿತು. ಕುರುಚಲು ಪೊದೆಗಳ ನೆಲ, ಕಳೆಗುಂದಿದ ಗೋಮಾಳ ಮೊದಲಾದವುಗಳು ಆ ವರ್ಗಗಳಲ್ಲಿ ಸೇರಿವೆ. ಬಂಜರೆಂಬ ಹೆಸರು ಒಮ್ಮೆ ನಕಾಶೆಯಲ್ಲಿ ಬಿದ್ದರೆ, ಆ ನೆಲಕ್ಕೆ ಒಡೆಯರಿಲ್ಲ, ಉಪಯೋಗವಿಲ್ಲ ಎಂಬ ಅರ್ಥವು ತಾನಾಗಿಯೇ ಹಿಂದೆ ಬರುವುದು. 2009-10ರ ಸುಮಾರಿನಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಹಲವು ಸಾವಿರ ಎಕರೆಗಳು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಡಲ್ಪಟ್ಟುವು. ಆ ಸಂಸ್ಥೆಗಳ ಕೆಲಸವು ದೇಶಕ್ಕೆ ಬೇಕಾದುದೇ ಇರಬಹುದು. ಆದರೆ ತಾವು ತಲೆತಲಾಂತರದಿಂದ ಕುರಿ ಮೇಯಿಸಿದ ನೆಲಕ್ಕೆ ಗೋಡೆ ಬಂದುದನ್ನು ಕಂಡ ಹಳ್ಳಿಯವರು ನ್ಯಾಯಸ್ಥಾನಗಳ ಮೆಟ್ಟಲೇರಬೇಕಾಯಿತು. ನಕಾಶೆಯು ಮೊದಲೇ ಅವರ ಹುಲ್ಲನ್ನು ಹುಲ್ಲೆಂದು ಬರೆದಿದ್ದರೆ, ಮಾತುಕತೆಯ ಆರಂಭವಾದರೂ ಬೇರೆ ರೀತಿಯದಾಗುತ್ತಿತ್ತೆಂದು ನಮಗೆ ತೋರುವುದು. ರಾಣಿಬೆನ್ನೂರಿನ ದೃಷ್ಟಾಂತವೂ ಇದಕ್ಕೆ ಪೋಷಕವಾಗಿದೆ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಅಭಯಾರಣ್ಯವಾದ ಆ ಪ್ರದೇಶದ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ನೆಟ್ಟಿದ್ದರು. ನಕಾಶೆಯ ಹಸುರು ಹೆಚ್ಚಿತು. ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ, ಅಪಾಯ ಕಂಡೊಡನೆ ಹಾರಿ ಓಡುವುದಕ್ಕಾಗಿಯೇ ಹುಟ್ಟಿದ ಮೃಗಕ್ಕೆ ಸಾಲುಮರಗಳ ತೋಪು ಮನೆಯಾಗುವುದೆಂತು?

ಇಷ್ಟನ್ನು ಓದಿದವರು, ಹಾಗಾದರೆ ಈ ಯಂತ್ರದ ನಕಾಶೆಗಳನ್ನು ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿರುವೆವೆಂದು ಭಾವಿಸಬಾರದು. ನಮ್ಮ ಅಭಿಪ್ರಾಯವು ಅದಲ್ಲ. ಕಾಲ್ನಡಿಗೆಯಿಂದ ಎಂದಿಗೂ ತಿಳಿಯಲಾಗದ ಅನೇಕ ಸತ್ಯಗಳನ್ನು ಈ ಸಾಧನವು ತಿಳಿಸಬಲ್ಲದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದಾಗ ಸುಟ್ಟ ನೆಲದ ವಿಸ್ತಾರವೆಷ್ಟೆಂಬುದನ್ನು ನಿರ್ಧರಿಸಿದುದು ಉಪಗ್ರಹದ ಚಿತ್ರಗಳೇ. ಹೊಗೆಯಾಡುವ ಕಾಡಿನಲ್ಲಿ ಸರಪಳಿ ಹಿಡಿದು ಅಳೆಯುವವರು ಯಾರು? 2000ದ ಫೆಬ್ರವರಿಯಲ್ಲಿ ಅಮೆರಿಕದ ಆಕಾಶನೌಕೆಯೊಂದು 11 ದಿನಗಳಲ್ಲಿ ಭೂಮಂಡಲದ ಬಹುಭಾಗದ ಎತ್ತರತಗ್ಗುಗಳನ್ನು ಅಳೆದುಕೊಂಡು ಬಂದಿತು. ಆ ಅಳತೆಯನ್ನು ನಮ್ಮ ಊರಿನ ನಕಾಶೆಯ ಮೇಲೆ ಹರಡಿದಾಗ, ಕೆರೆಗೆ ನೀರು ತರುತ್ತಿದ್ದ ಹಳ್ಳಗಳ ಜಾಡುಗಳು ಗೆರೆ ಎಳೆದಂತೆ ಕಂಡುವು. ಅವುಗಳಲ್ಲೊಂದರ ಮೇಲೆ ಈಗ ಅಂಗಡಿಗಳ ಸಾಲೇ ನಿಂತಿದೆ. ನಾವು ದಿನವೂ ಆ ದಾರಿಯಲ್ಲಿ ನಡೆದು ತರಕಾರಿ ಕೊಳ್ಳುತ್ತಿದ್ದರೂ, ನಮ್ಮ ಕಾಲ ಕೆಳಗೆ ಒಂದು ಹಳ್ಳ ಹೂತುಹೋಗಿದೆಯೆಂಬುದು ನಮಗೆ ತಿಳಿದಿರಲಿಲ್ಲ. ಹಾಗಾಗಿ ನಡಿಗೆಯೂ ಕುರುಡಾಗಬಹುದು. ಅದಕ್ಕೆ ನಕಾಶೆಯು ಕಣ್ಣು ಕೊಡುವುದು.

ಕಾಲದ ಉದ್ದವನ್ನು ಅಳೆಯುವುದಕ್ಕಂತೂ ನಕಾಶೆಯೇ ಬೇಕು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘವು ಪ್ರಾಣಿಗಳಿಗೆ ಮಾಡಿದಂತೆಯೇ ಕಾಡು ಕೆರೆ ಹುಲ್ಲುಗಾವಲುಗಳಿಗೂ ಒಂದು ಕೆಂಪು ಪಟ್ಟಿಯನ್ನು ಮಾಡುವ ಕ್ರಮವನ್ನು 2014ರಲ್ಲಿ ಅಂಗೀಕರಿಸಿತು. ಯಾವುದಾದರೊಂದು ಪರಿಸರ ವ್ಯವಸ್ಥೆಯು 50 ವರ್ಷಗಳಲ್ಲಿ ತನ್ನ ವಿಸ್ತಾರದ 100ಕ್ಕೆ 30 ಪಾಲನ್ನು ಕಳೆದುಕೊಂಡರೆ ಒಂದು ಮಟ್ಟದ ಅಪಾಯ, 50 ಪಾಲಾದರೆ ಹೆಚ್ಚಿನದು, 80 ಪಾಲಾದರೆ ಅತ್ಯಂತ ಘೋರವಾದುದು ಎಂದು ಅದು ಎಣಿಸುವುದು. ಗಮನಿಸತಕ್ಕ ಸಂಗತಿಯೇನೆಂದರೆ, ಆ ಪಟ್ಟಿಯವರೂ ವಿಸ್ತಾರದ ಲೆಕ್ಕಕ್ಕೆ ತೃಪ್ತರಾಗದೆ, ನೀರು ಮಣ್ಣುಗಳ ಕೆಡಕನ್ನೂ ಜೀವಿಗಳ ಪರಸ್ಪರ ಸಂಬಂಧದ ಮುರಿತವನ್ನೂ ಬೇರೆಯಾಗಿ ಪರೀಕ್ಷಿಸಬೇಕೆಂದು ವಿಧಿಸಿದ್ದಾರೆ.

ನಕಾಶೆಯ ಚೌಕಟ್ಟನ್ನು ಯಾರು ಹೇಗೆ ಹಾಕುವರೋ ಅದರ ಮೇಲೆ ತೀರ್ಪು ನಿಲ್ಲುವುದೆಂಬುದಕ್ಕೆ ಪಶ್ಚಿಮ ಘಟ್ಟಗಳೇ ಸಾಕ್ಷಿ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಮಂಡಲಿಯು 2011ರಲ್ಲಿ ಘಟ್ಟಗಳನ್ನು ಸುಮಾರು 9 ಕಿಲೋಮೀಟರು ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಅಂಕ ಕೊಟ್ಟು, ಘಟ್ಟಗಳೆಲ್ಲವನ್ನೂ ಮೂರು ದರ್ಜೆಗಳಲ್ಲಿ ರಕ್ಷಿಸಬೇಕೆಂದಿತು. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಮಂಡಲಿಯು 2013ರಲ್ಲಿ ಅದಕ್ಕಿಂತ ಬಹು ಸೂಕ್ಷ್ಮವಾದ ಉಪಗ್ರಹ ಚಿತ್ರಗಳಿಂದ ಗ್ರಾಮಗಳನ್ನು ಗುರುತಿಸಿ, 100ಕ್ಕೆ 37 ಪಾಲನ್ನು ಮಾತ್ರ ಸೂಕ್ಷ್ಮಪ್ರದೇಶವೆಂದಿತು. ಬೆಟ್ಟ ಒಂದೇ, ಮಳೆ ಒಂದೇ, ಉತ್ತರಗಳು ಎರಡು. ಎರಡು ಮಂಡಲಿಗಳಲ್ಲಿಯೂ ವಿದ್ವಾಂಸರೇ ಇದ್ದರು. ಆದುದರಿಂದ, ನಕಾಶೆಯೇ ಹೇಳಿತು ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ, ಯಾವ ಚೌಕ, ಯಾವ ತಿಂಗಳ ಚಿತ್ರ, ಯಾವ ಅರ್ಥದ ಕಾಡು ಎಂದು ಕೇಳಬಲ್ಲ ಪ್ರಜೆಗಳು ನಮಗೆ ಬೇಕು. ಅಂಥ ಪ್ರಶ್ನೆಯನ್ನು ವಿನಯದಿಂದಲೂ ಧೈರ್ಯದಿಂದಲೂ ಕೇಳುವ ಹೆಣ್ಣುಮಕ್ಕಳು ನಮ್ಮ ಪಾಠಶಾಲೆಯಿಂದ ಹೊರಡಬೇಕೆಂಬುದೇ ನಮ್ಮ ಆಶೆ.

ಇನ್ನು ಪೋಷಕರ ಶಂಕೆಗಳಿಗೆ ಬರೋಣ. ಮೊದಲನೆಯದು ಕ್ಷೇಮದ ಶಂಕೆ. ಇದನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಹುಡುಗಿಯರು ಒಂಟಿಯಾಗಿ ಹೋಗತಕ್ಕದ್ದಲ್ಲ, ಇಬ್ಬರು ಉಪಾಧ್ಯಾಯಿನಿಯರು ಜೊತೆಗಿರತಕ್ಕದ್ದು, ಬೆಳಗಿನ ತಂಪು ಹೊತ್ತಿನಲ್ಲಿ ಹೋಗಿ ಬಿಸಿಲೇರುವ ಮೊದಲೇ ಹಿಂದಿರುಗತಕ್ಕದ್ದು, ನೀರಿಗಿಳಿಯತಕ್ಕದ್ದಲ್ಲ. ಇಷ್ಟು ಕಟ್ಟುಪಾಡುಗಳನ್ನು ಮಾಡಿದ ಮೇಲೆಯೂ ಊರಿನ ಕೆರೆಯ ಏರಿಯು ನಮ್ಮ ಹೆಣ್ಣುಮಕ್ಕಳಿಗೆ ಅಪಾಯದ ಸ್ಥಳವೆನಿಸಿದರೆ, ತಿದ್ದಬೇಕಾದುದು ಊರೇ ಹೊರತು ಮಕ್ಕಳ ಪಾಠವಲ್ಲ. ತಾಯಂದಿರೂ ಒಂದು ದಿನ ಜೊತೆಗೆ ಬರಬೇಕೆಂದು ನಾವು ಆಹ್ವಾನಿಸುತ್ತೇವೆ. ಅವರಲ್ಲಿ ಕೆಲವರಿಗೆ ನಮಗಿಂತ ಹೆಚ್ಚಾಗಿ ಸೊಪ್ಪು ಗಿಡಗಳ ಹೆಸರುಗಳು ಗೊತ್ತಿರುವುವು.

ಎರಡನೆಯದು, ಇದರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಏನು ಪ್ರಯೋಜನವೆಂಬ ಶಂಕೆ. ಗಣಿತದ ಭಾಗಾಕಾರವೂ, ವಿಜ್ಞಾನದ ಬೆಳಕಿನ ಪಾಠವೂ, ಭೂಗೋಳದ ಅಕ್ಷಾಂಶ ರೇಖಾಂಶಗಳೂ, ಭಾಷೆಯ ವರದಿ ಬರೆಯುವ ಕ್ರಮವೂ ಈ ಒಂದೇ ಕೆಲಸದಲ್ಲಿ ಕೂಡಿಬರುವುವು. ಅದಲ್ಲದೆ ಕೃಷಿ, ನೀರಾವರಿ, ಅರಣ್ಯ, ನಗರನಿರ್ಮಾಣಗಳೆಲ್ಲದರಲ್ಲಿಯೂ ಈ ವಿದ್ಯೆ ಬಲ್ಲವರಿಗೆ ಇಂದು ಉದ್ಯೋಗವುಂಟು.

ಮೂರನೆಯದು ಮಾತಿನಲ್ಲಿ ಬಾರದೆ ಮನಸ್ಸಿನಲ್ಲಿರುವ ಶಂಕೆ: ಹೆಣ್ಣುಮಕ್ಕಳಿಗೆ ನೆರಳಿನ ಕೋಣೆಯೇ ಸಾಕು, ಬಯಲು ಗಂಡಸರದೆಂಬುದು. ಇದಕ್ಕೆ ಒಂದು ಸತ್ಯವಾದ ಕಥೆಯನ್ನು ಉತ್ತರವಾಗಿ ಹೇಳುತ್ತೇವೆ. ಅಮೆರಿಕದಲ್ಲಿ ಮೇರಿ ಥಾರ್ಪ್ ಎಂಬ ಮಹಿಳೆಯು ಸಮುದ್ರದ ತಳದ ನಕಾಶೆಯನ್ನು ಬರೆಯುವ ಕೆಲಸದಲ್ಲಿದ್ದರು. ಸ್ತ್ರೀಯೆಂಬ ಕಾರಣದಿಂದ 1960ರ ದಶಕದವರೆಗೂ ಅವರಿಗೆ ಸಂಶೋಧನೆಯ ಹಡಗನ್ನೇರುವ ಅವಕಾಶವಿರಲಿಲ್ಲ. ಹಡಗಿನಲ್ಲಿ ಹೋದ ಗಂಡಸರು ತಂದುಕೊಟ್ಟ ಆಳದ ಅಳತೆಗಳಿಂದ, ಮೇಜಿನ ಮುಂದೆ ಕುಳಿತು, ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಶ್ರೇಣಿಯಲ್ಲಿ ಉದ್ದವಾದ ಬಿರುಕು ಕಣಿವೆಯೊಂದಿರುವುದನ್ನು ಅವರು ಕಂಡುಹಿಡಿದರು. ಅವರ ಜೊತೆಗಾರರೇ ಅದನ್ನು ಮೊದಲು ಹುಡುಗಿಯರ ಹರಟೆಯೆಂದು ತಳ್ಳಿಹಾಕಿ, ಅನಂತರ ಒಪ್ಪಿಕೊಳ್ಳಬೇಕಾಯಿತು. ಕೋಣೆಯಲ್ಲಿ ಕುಳಿತೂ ಅಷ್ಟನ್ನು ಸಾಧಿಸಿದವರು, ಹಡಗಿನಲ್ಲಿಯೂ ಹೋಗಿದ್ದರೆ ತಮ್ಮ ಮಾತಿಗೆ ಬೇರೆಯವರ ಒಪ್ಪಿಗೆಗಾಗಿ ಅಷ್ಟು ಕಾಲ ಕಾಯಬೇಕಾಗುತ್ತಿತ್ತೇ? ನಮ್ಮ ನೆರೆಯ ತಲಚೇರಿಯಲ್ಲಿ 1897ರಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಅವರೋ, ಸಸ್ಯಶಾಸ್ತ್ರದಲ್ಲಿ ಲೋಕಪ್ರಸಿದ್ಧರಾಗಿ, ಇಳಿವಯಸ್ಸಿನಲ್ಲಿಯೂ ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನು ಉಳಿಸುವ ಪ್ರಯತ್ನದಲ್ಲಿ ಸೇರಿದರು. ನಮ್ಮ ಮಕ್ಕಳಿಗೆ ಮೇಜೂ ಬೇಕು, ಬಯಲೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ತಡೆದರೆ ಅರ್ಧ ವಿದ್ಯೆಯನ್ನು ಕೊಟ್ಟಂತಾಯಿತು.

ಆದುದರಿಂದ ನಮ್ಮ ಸೂಚನೆಯು ಇಷ್ಟು. ಪಾಠಶಾಲೆಯ ಮಕ್ಕಳು ಪ್ರತಿವರ್ಷವೂ ಕೆರೆಯ ನಕಾಶೆಯನ್ನು ಎರಡು ಸಲ, ಮಳೆಗಾಲದ ಬಳಿಕ ಒಮ್ಮೆ ಬೇಸಗೆಯಲ್ಲೊಮ್ಮೆ, ತಯಾರಿಸಲಿ. ನಕಾಶೆಯಲ್ಲಿ ಸಂಶಯ ತೋರಿದ ಸ್ಥಳಗಳಿಗೆಲ್ಲ ನಡೆದುಹೋಗಿ ನೋಡಲಿ. ಕಂಡುದನ್ನು ಕಂಡ ಹಾಗೆ, ತಾರೀಕಿನೊಡನೆ, ನಕಾಶೆಯ ಮೇಲೆ ಬರೆಯಲಿ. ತಪ್ಪಿದುದನ್ನು ಅಳಿಸಿ ಮರೆಮಾಡದೆ, ಇಂಥದನ್ನು ತಪ್ಪಾಗಿ ಎಣಿಸಿದ್ದೆವು ಎಂದು ಪಕ್ಕದಲ್ಲಿ ಬರೆಯಲಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಒಂದೊಂದು ಸ್ಥಳೀಯ ಸಂಸ್ಥೆಯೂ ತನ್ನ ಜೀವಸಂಪತ್ತಿನ ದಾಖಲೆಯನ್ನು ಇಡಬೇಕಾಗಿದೆ. ಮಕ್ಕಳ ನಕಾಶೆಯ ಒಂದು ಪ್ರತಿ ಅಲ್ಲಿಗೆ ಹೋಗಲಿ. ಹೊಲಸು ಕಾಲುವೆಯ ಬಾಯಿ ಎಲ್ಲಿದೆಯೆಂದು ತೋರಿಸುವ ನಕಾಶೆಯನ್ನು ಮಕ್ಕಳು ಕೊಟ್ಟ ಮೇಲೆ, ತಿಳಿದಿರಲಿಲ್ಲವೆಂದು ಹೇಳುವುದು ದೊಡ್ಡವರಿಗೆ ಕಷ್ಟವಾದೀತು.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ಯಾವ ಕೆರೆಯ ಸ್ಥಿತಿಯನ್ನು ಅಳೆಯಬೇಕಾದರೂ ಅದು ಮೊದಲು ಹೇಗಿತ್ತೆಂಬ ಒಂದು ಮೂಲಸ್ಥಿತಿ ಗೊತ್ತಿರಬೇಕು. ರೋಗಿಯ ಹಿಂದಿನ ಆರೋಗ್ಯವನ್ನು ಅರಿಯದ ವೈದ್ಯನು ಚಿಕಿತ್ಸೆ ಮಾಡುವುದು ಕಷ್ಟ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ನೆನಪು 1972ರಿಂದೀಚೆಗೆ ಮಾತ್ರ. ಆ ಹಳೆಯ ಚಿತ್ರಗಳೂ ನಮ್ಮ ಊರಿನಷ್ಟು ಚಿಕ್ಕ ಸ್ಥಳಕ್ಕೆ ಮಸುಕಾದವು. ಅದಕ್ಕೆ ಹಿಂದೆ 1800-01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಬುಕಾನನ್ ಅವರು ಕೆರೆ, ಬೆಳೆ, ಕಾಡುಗಳನ್ನು ಕುರಿತು ಬರೆದಿಟ್ಟುದುಂಟು. ಸರ್ವೆ ಇಲಾಖೆಯ ಹಳೆಯ ಕಾಗದದ ನಕಾಶೆಗಳುಂಟು. ಆದರೆ ಎರಡು ತಲೆಮಾರುಗಳ ಹಿಂದೆ ಈ ಕೆರೆಯ ನೀರು ಕುಡಿಯುವಂತಿತ್ತೇ, ಕೋಡಿ ಯಾವ ತಿಂಗಳಲ್ಲಿ ಬೀಳುತ್ತಿತ್ತು, ಯಾವ ಹಕ್ಕಿಗಳು ಬರುತ್ತಿದ್ದುವು, ನೀರು ಯಾವ ಮರದ ಬುಡದವರೆಗೆ ನಿಲ್ಲುತ್ತಿತ್ತು ಎಂಬುದನ್ನು ಯಾವ ಉಪಗ್ರಹವೂ ಹೇಳಲಾರದು. ಅದು ನಿಮ್ಮಲ್ಲಿದೆ. ಬಿಡುವಿನ ವೇಳೆಯಲ್ಲಿ ಬುತ್ತಿ ಬಿಚ್ಚಿಕೊಂಡು ಆ ಏರಿಯ ಮೇಲೆ ಕುಳಿತವರು ನೀವು. ನಿಮ್ಮ ನೆನಪಿಗೆ ಬಂದಷ್ಟನ್ನು, ವರ್ಷವನ್ನು ಸೇರಿಸಿ, ಒಂದು ಕಾಗದದಲ್ಲಿ ಬರೆದು ಪಾಠಶಾಲೆಗೆ ಕಳುಹಿಸಿರಿ. ನಮ್ಮ ಮಕ್ಕಳು ಅದನ್ನು ಓದಿ, ಆ ಮರವು ಎಲ್ಲಿತ್ತೆಂದು ಹುಡುಕಿ, ನಕಾಶೆಯ ಮೇಲೆ ಒಂದು ಚುಕ್ಕೆಯನ್ನಿಡುವರು.

ಕಾಗದ ಬರೆದ ಆ ಇಬ್ಬರು ಪೋಷಕರಲ್ಲಿ ಒಬ್ಬರು ಈ ಊರಿನಲ್ಲಿಯೇ ಹುಟ್ಟಿ ಬೆಳೆದವರೆಂದು ನಾವು ಬಲ್ಲೆವು. ಮುಂದಿನ ಶನಿವಾರ ಬೆಳಗ್ಗೆ ಏಳು ಗಂಟೆಗೆ ನಾವು ಕೆರೆಗೆ ಹೊರಡುವೆವು. ಅವರು ತಮ್ಮ ಮಗಳೊಡನೆ ಬಂದು, ತಾವು ಬಾಲ್ಯದಲ್ಲಿ ಕಂಡ ನೀರಿನ ಅಂಚನ್ನು ಅವಳಿಗೆ ಬೆರಳು ಮಾಡಿ ತೋರಿಸಿದರೆ, ಆ ದಿನದ ಪಾಠದಲ್ಲಿ ನಮಗಿಂತ ದೊಡ್ಡ ಉಪಾಧ್ಯಾಯರು ಅವರೇ ಆಗುವರು.